ಬೆನ್ನುಹುರಿಗೆ ಪೆಟ್ಟಾದವರ ಸಂತಾನ ಚಿಕಿತ್ಸೆ: ‘ಬಿಪಿ 150, ಟೆನ್ಶನ್ ಇರಬೇಕು’ ಅಂದರೆ ಅಲ್ಲೇ ನಿಲ್ಲಿಸಿ ಅನ್ನಿ

ಬೀದರ್: ಊರಿನ ಹೆಸರು ಬರೀಬಾರದು, ತನ್ನ ಹೆಸರು ಬರೀಬಾರದು, ಯಾವ ಆಸ್ಪತ್ರೆ ಅಂತಲೂ ಬರೀಬಾರದು. ಈ ಮೂರು ಷರತ್ತು ಹಾಕಿಯೇ ಆ ಅಣ್ಣ ಮಾತು ಶುರು ಮಾಡಿದ್ದು. ಔರಾದ್ ತಾಲ್ಲೂಕಿನವರು, ವಯಸ್ಸು ಮೂವತ್ತು ದಾಟಿದೆ. ಆರು ವರ್ಷದ ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಪಲ್ಟಿಯಾಗಿ ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಮುಟ್ಟಿದರೆ ಗೊತ್ತಾಗಲ್ಲ, ಕಾಲು ಅಲ್ಲಾಡಲ್ಲ. ವೀಲ್‌ಚೇರ್ ಮೇಲೆ ಕೂತು ಮನೆ ಮುಂದೆಯೇ ಝೆರಾಕ್ಸ್, ಮೊಬೈಲ್ ರಿಚಾರ್ಜ್ ಅಂಗಡಿ ನಡೆಸ್ತಾರೆ. ಮದುವೆಯಾಗಿ ಎರಡನೇ ವರ್ಷಕ್ಕೆ ಅಪಘಾತ ಆಗಿದ್ದು. ಮಕ್ಕಳಿಲ್ಲ.

ಹೋದ ವರ್ಷ ಗಂಡ ಹೆಂಡತಿ ಇಬ್ಬರೂ ಸಾಲ ಸೋಲ ಮಾಡಿ ದೊಡ್ಡ ಸಿಟಿಯೊಂದರ ಫರ್ಟಿಲಿಟಿ ಸೆಂಟರ್‌ಗೆ ಹೋದರು. ಅಲ್ಲಿ ವೀರ್ಯ ತೆಗೆಯಲು ಕಂಪನ ಯಂತ್ರ ಬಳಸಿದರು. ಮುಂದಿನದು ಅವರದೇ ಮಾತಲ್ಲಿ ಕೇಳಿ.

“ಮಷೀನ್ ಹಚ್ಚಿ ಎರಡು ನಿಮಿಷ ಆಗಿರ್ಲಿಕ್ಕಿಲ್ಲ ತಮ್ಮಾ, ತಲಿ ಹಿಂದ್ಗಡಿ ಯಾರೋ ಸುತ್ತಿಗಿ ತಗೊಂಡು ಬಡದಂಗ ಆಯ್ತು. ಮುಖ ಎಲ್ಲಾ ಬೆವರು. ಮೂಗು ಕಟ್ಟಿತು. ನರ್ಸ್ ಬಿಪಿ ನೋಡಿ ‘ನೂರಾ ಐವತ್ತದ, ಟೆನ್ಶನ್ ತಗೋಬ್ಯಾಡ್ರಿ’ ಅಂದ್ಲು. ನಾ ಹಲ್ಲು ಕಚ್ಚಿ ಸುಮ್ನಾದೆ. ಇಷ್ಟು ರೊಕ್ಕ ಕಟ್ಟೀವಿ, ಈಗ ಬ್ಯಾಡ ಅಂದ್ರ ಹೆಂಗ ಅಂತ.”

ಅವರ ಮುಖ ಕೆಂಪಾಗಿದ್ದು ನೋಡಿ ವೈನಿಯೇ ಕೂಗಾಡಿ ಯಂತ್ರ ತೆಗೆಸಿದರಂತೆ. ಎಬ್ಬಿಸಿ ಕೂರಿಸಿದ ಮೇಲೆ ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ವಾಪಸ್ ಬರೋವಾಗ ಯಾರೂ ಅದೇನಾಯಿತು ಅಂತ ಹೇಳಲಿಲ್ಲ. ಫೈಲ್‌ನಲ್ಲೂ ಬರೆದಿಲ್ಲ.

ಅದು ಟೆನ್ಶನ್ ಅಲ್ಲ. ಅದಕ್ಕೆ ವೈದ್ಯರು ಇಟ್ಟ ಹೆಸರು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಮಾತ್ರ ಬರುವ, ಬಿಪಿ ಒಮ್ಮೆಲೇ ಹಾರುವ ಸ್ಥಿತಿ. ಅಲ್ಲೇ ನಿಲ್ಲಿಸದೆ ಮುಂದುವರಿಸಿದರೆ ಮಿದುಳಿನ ರಕ್ತನಾಳ ಒಡೆದು ಲಕ್ವಾ ಹೊಡೆಯಬಹುದು, ಜೀವವೂ ಹೋಗಬಹುದು. ತಂದೆಯಾಗಲು ಹೋದ ಮನುಷ್ಯ ಇದ್ದ ಕೈಯ ಶಕ್ತಿ, ಮಾತು ಕೂಡ ಕಳೆದುಕೊಂಡು ಬರುವ ಅಪಾಯ ಇದು. ತಡೆಯೋದು ಕಷ್ಟವೇನಲ್ಲ. ಆದರೆ ಮೊದಲು ಗೊತ್ತಿರಬೇಕು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವ, ವಿಜ್ಞಾನವನ್ನಂತೂ ಓದಿಯೇ ಇಲ್ಲ. ಆದ್ದರಿಂದ ನನಗೆ ಅರ್ಥವಾಗುವ ಹಾಗೆಯೇ ಇಲ್ಲಿ ಬರೆದಿದ್ದೇನೆ. ವಿಷಯ ಸ್ವಲ್ಪ ಮುಜುಗರದ್ದು, ಮನೆಯಲ್ಲಿ ಜೋರಾಗಿ ಓದುವಂಥದ್ದಲ್ಲ. ಮುಜುಗರ ಅಂತ ಬಿಟ್ಟರೆ ಮುಂದಿನ ಅಣ್ಣನಿಗೂ ಇದೇ ಆಗ್ತದೆ.

ಹೊಲದ ಮೋಟಾರು, ಮನೆಯ ಸ್ವಿಚ್ಚು

ನಮ್ಮ ಮಿದುಳಿನಿಂದ ದೇಹದ ಎಲ್ಲ ಕಡೆ ಸುದ್ದಿ ಒಯ್ಯುವ ತಂತಿಯೇ ಬೆನ್ನುಹುರಿ. ಕೈಕಾಲು ಆಡಿಸುವ ಆಜ್ಞೆ ಮಾತ್ರ ಅದರಲ್ಲಿ ಹೋಗಲ್ಲ. ರಕ್ತನಾಳ ಎಷ್ಟು ಬಿಗಿಯಾಗಿರಬೇಕು, ಎಷ್ಟು ಸಡಿಲ ಇರಬೇಕು ಅನ್ನೋ ಆಜ್ಞೆಯೂ ಅದರಲ್ಲೇ ಹೋಗುತ್ತದೆ. ನಮಗೆ ಗೊತ್ತಿಲ್ಲದ ಹಾಗೆ ದಿನವಿಡೀ ಈ ಕೆಲಸ ನಡೆದಿರುತ್ತದೆ.

ಬೋರ್‌ವೆಲ್ ಮೋಟಾರಿನ ಉದಾಹರಣೆ ತಗೊಳ್ಳಿ. ಮೋಟಾರು ಹೊಲದಲ್ಲಿದೆ, ಅದಕ್ಕೆ ಆಟೊ ಸ್ಟಾರ್ಟರ್ ಇದೆ, ಕರೆಂಟ್ ಬಂದ ಕೂಡಲೇ ತಾನೇ ಓಡುತ್ತದೆ. ಬಂದ್ ಮಾಡುವ ಸ್ವಿಚ್ಚು ಮಾತ್ರ ಮನೆಯಲ್ಲಿದೆ. ಮನೆಗೂ ಹೊಲಕ್ಕೂ ನಡುವಿನ ವೈರು ಕಟ್ ಆಗಿದೆ ಅಂತಿಟ್ಟುಕೊಳ್ಳಿ. ಮೋಟಾರು ಶುರುವಾಯಿತು, ಅತ್ತ ವಾಲ್ವ್ ಬಂದ್ ಇದೆ. ಮನೆಯಲ್ಲಿ ಕೂತವರು ಸ್ವಿಚ್ಚು ಎಷ್ಟು ಒತ್ತಿದರೂ ಹೊಲಕ್ಕೆ ಸುದ್ದಿ ಮುಟ್ಟಲ್ಲ. ಪೈಪಿನಲ್ಲಿ ಪ್ರೆಶರ್ ಏರುತ್ತಾ ಹೋಗಿ ಎಲ್ಲಿ ಜಾಯಿಂಟ್ ಸೊರಗಿದೆಯೋ ಅಲ್ಲಿ ಒಡೆಯುತ್ತದೆ.

ದೇಹದಲ್ಲೂ ಹಾಗೇ. ಗಾಯದ ಕೆಳಗೆ ಏನೋ ಒಂದು ಜೋರು ಪ್ರಚೋದನೆ ಆಗುತ್ತದೆ. ಮೂತ್ರಚೀಲ ತುಂಬಿರಬಹುದು, ಮಲ ಗಟ್ಟಿಯಾಗಿ ನಿಂತಿರಬಹುದು, ಬೆಡ್‌ಸೋರ್ ಇರಬಹುದು, ಕಾಲಿನ ಉಗುರು ಒಳಗೆ ಬೆಳೆದಿರಬಹುದು, ಕಂಪನ ಯಂತ್ರವೂ ಇರಬಹುದು. ಆ ಮನುಷ್ಯನಿಗೆ ಅದು ಗೊತ್ತಾಗಲ್ಲ. ಕೆಳಗಿನ ಬೆನ್ನುಹುರಿಗೆ ಮಾತ್ರ ಗೊತ್ತಾಗಿ, ಹೊಟ್ಟೆ ಮತ್ತು ಕಾಲಿನ ರಕ್ತನಾಳಗಳನ್ನೆಲ್ಲ ಬಿಗಿ ಹಿಡಿಯುತ್ತದೆ. ಅಲ್ಲಿದ್ದ ರಕ್ತ ಮೇಲಕ್ಕೆ ತಳ್ಳಲ್ಪಟ್ಟು ಬಿಪಿ ಹಾರುತ್ತದೆ. ಮಿದುಳಿಗೆ ಇದು ತಿಳಿದು ‘ಸಡಿಲ ಬಿಡು’ ಅಂತ ಆಜ್ಞೆ ಕಳಿಸಿದರೂ ಅದು ಗಾಯದ ಹತ್ತಿರ ಬಂದು ನಿಲ್ಲುತ್ತದೆ. ಮಿದುಳಿನ ಕೈಗೆ ಸಿಗೋದು ಗಾಯದ ಮೇಲಿನ ಭಾಗ ಮಾತ್ರ. ಹಾಗಾಗಿ ಮುಖ ಕುತ್ತಿಗೆ ಕೆಂಪಾಗಿ ಬೆವರುತ್ತದೆ, ಮೂಗು ಕಟ್ಟುತ್ತದೆ, ಹೃದಯದ ಬಡಿತ ನಿಧಾನ ಆಗುತ್ತದೆ. ಗಾಯದ ಕೆಳಗೆ ಮೈ ತಣ್ಣಗೆ, ಬಿಳಿಚಿ, ರೋಮ ಎದ್ದು ನಿಂತಿರುತ್ತದೆ. ತಲೆ ಸಿಡಿಯುವ ಹಾಗೆ ನೋಯುತ್ತದೆ.

ಈ ವಿಷಯ ಹೊಸದೇನಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯ ಲುಡ್ವಿಗ್ ಗುಟ್‌ಮನ್ ಮತ್ತು ವಿಟರಿಜ್ 1947ರಲ್ಲೇ ಮೂತ್ರಚೀಲ ತುಂಬಿದರೆ ಇಂಥವರ ಬಿಪಿ ಹೇಗೆ ಏರುತ್ತದೆ ಅಂತ ಬರೆದಿಟ್ಟಿದ್ದಾರೆ. ಇದೇ ಗುಟ್‌ಮನ್ ಮರುವರ್ಷ ತಮ್ಮ ಆಸ್ಪತ್ರೆಯ ವೀಲ್‌ಚೇರ್ ರೋಗಿಗಳಿಗೆ ಆಟದ ಸ್ಪರ್ಧೆ ಇಟ್ಟರು, ಅದೇ ಬೆಳೆದು ಇವತ್ತಿನ ಪ್ಯಾರಾಲಿಂಪಿಕ್ಸ್ ಆಯಿತು. ಪ್ಯಾರಾಲಿಂಪಿಕ್ಸ್ ಸುದ್ದಿ ನಮ್ಮ ಹಳ್ಳಿಗೂ ಮುಟ್ಟಿದೆ, ಬಿಪಿ ಸುದ್ದಿ ಮುಟ್ಟಿಲ್ಲ.

ಯಾರಿಗೆ ಅಪಾಯ

ಎಲ್ಲ ಬೆನ್ನುಹುರಿ ಗಾಯಕ್ಕೂ ಇದು ಬರಲ್ಲ. ಲೆಕ್ಕ ಹಿಡಿಯೋದು ಟಿ-6 ಅನ್ನೋ ಮಟ್ಟಕ್ಕೆ. ಅಂದರೆ ಎದೆಭಾಗದ ಬೆನ್ನುಹುರಿಯ ಆರನೇ ಮಟ್ಟ. ಗಾಯ ಅಲ್ಲಿ ಅಥವಾ ಅದಕ್ಕಿಂತ ಮೇಲೆ, ಕುತ್ತಿಗೆವರೆಗೆ ಎಲ್ಲೇ ಇದ್ದರೂ ಅಪಾಯ ಇದೆ. ಕೆಲವರಲ್ಲಿ ಸ್ವಲ್ಪ ಕೆಳಗಿನ ಗಾಯಕ್ಕೂ ಬಂದದ್ದುಂಟು.

ನಿಮ್ಮ ಗಾಯದ ಮಟ್ಟ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿರುತ್ತದೆ. ಸಿ ಅಂದರೆ ಕುತ್ತಿಗೆ, ಟಿ ಅಥವಾ ಡಿ ಅಂದರೆ ಎದೆಭಾಗದ ಬೆನ್ನು, ಎಲ್ ಅಂದರೆ ಸೊಂಟ. ಕಾರ್ಡು ಕಳೆದಿದ್ದರೆ ಅಂದಾಜಿಗೆ ಒಂದು ದಾರಿ ಇದೆ. ಮೊಲೆತೊಟ್ಟಿನ ಗೆರೆ ಟಿ-4, ಎದೆಗೂಡಿನ ನಡುವಿನ ಎಲುಬು ಮುಗಿಯುವ ಜಾಗ ಟಿ-6, ಹೊಕ್ಕಳು ಟಿ-10. ಸ್ಪರ್ಶ ಗೊತ್ತಾಗೋದು ಎದೆಗೂಡಿನ ಆ ತುದಿಗೆ ಅಥವಾ ಅದಕ್ಕಿಂತ ಮೇಲೇ ನಿಂತುಹೋಗಿದ್ದರೆ ಈ ಲೇಖನ ನಿಮ್ಮದೇ ಅಂತ ತಿಳಿದುಕೊಳ್ಳಿ. ಇದು ಅಂದಾಜು ಅಷ್ಟೇ, ವೈದ್ಯರ ಪರೀಕ್ಷೆಗೆ ಬದಲಿ ಅಲ್ಲ.

ಈಗ ನರ್ಸ್ ಹೇಳಿದ 150ರ ಮಾತಿಗೆ ಬರೋಣ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದೇ ಮುಖ್ಯ.

ನಮ್ಮ ನಿಮ್ಮಂಥವರಿಗೆ 120 ಸರಿಯಾದ ಬಿಪಿ, 150 ಅಂದರೆ ಸ್ವಲ್ಪ ಜಾಸ್ತಿ, ಉಪ್ಪು ಕಡಿಮೆ ಮಾಡಿ ಅಂತಾರೆ. ಕುತ್ತಿಗೆ ಅಥವಾ ಎದೆ ಮೇಲ್ಭಾಗದ ಗಾಯ ಆದವರಿಗೆ ಮಾಮೂಲಿ ಬಿಪಿಯೇ ಕಡಿಮೆ. ಮೇಲಿನ ಅಂಕಿ 90ರಿಂದ 110ರ ಒಳಗೇ ಇರೋದು ಸಾಮಾನ್ಯ. ವೈದ್ಯಕೀಯದಲ್ಲಿ ಅವರ ಮಾಮೂಲಿ ಅಂಕಿಗಿಂತ 20ರಿಂದ 40 ಮೇಲೇರಿದರೆ ಡಿಸ್‌ರಿಫ್ಲೆಕ್ಸಿಯಾ ಅಂತ ಲೆಕ್ಕ. ಅಂದರೆ 95 ಇರುವ ಮನುಷ್ಯನಿಗೆ 120 ಆದರೂ ಎಚ್ಚರಿಕೆಯ ಗಂಟೆ. 150 ಅಂದರೆ ಮಾಮೂಲಿಗಿಂತ 55 ಮೇಲೆ. ಆ ಅಂಕಿ ಬೇರೆಯವರ ಕೈಯಲ್ಲಿ ಬಂದರೆ ಟೆನ್ಶನ್, ಇವರ ಕೈಯಲ್ಲಿ ಬಂದರೆ ತುರ್ತು. ಯಂತ್ರ ನಿಲ್ಲಿಸದಿದ್ದರೆ 200, 250 ದಾಟೋದೂ ಉಂಟು.

ಅಂದಮೇಲೆ ಮಾಮೂಲಿ ಬಿಪಿ ಎಷ್ಟು ಅಂತ ಗೊತ್ತಿಲ್ಲದೆ ಏರಿದ್ದು ಎಷ್ಟು ಅಂತ ಹೇಳೋದು ಹೇಗೆ? ಆ ಅಣ್ಣನ ಮಾಮೂಲಿ ಬಿಪಿ ಎಷ್ಟು ಅಂತ ಆ ದಿನ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಯಂತ್ರ ಕೆಲಸ ಮಾಡುವ ಕಡೆಯೇ ಅಪಾಯ

ಬೆನ್ನುಹುರಿಗೆ ಪೆಟ್ಟಾದ ಗಂಡಸರಲ್ಲಿ ಹೆಚ್ಚಿನವರಿಗೆ ಸಹಜವಾಗಿ ವೀರ್ಯ ಸ್ಖಲನ ಆಗಲ್ಲ. ಹತ್ತರಲ್ಲಿ ಒಬ್ಬರಿಗೆ ಆದರೆ ಹೆಚ್ಚು. ವೀರ್ಯಾಣು ತಯಾರಾಗೋದು ನಿಂತಿರಲ್ಲ, ಸಂಖ್ಯೆಯೂ ಬಹುತೇಕ ಸರಿಯಾಗೇ ಇರುತ್ತದೆ. ಹೊರಬರುವ ದಾರಿ ಕೆಲಸ ಮಾಡಲ್ಲ, ಬಂದವು ಚುರುಕಾಗಿ ಈಜಲ್ಲ, ಅಷ್ಟೇ. ಇದು ಗಂಡಸ್ತನ ಹೋದ ಹಾಗೆ ಅಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದನ್ನ ಹಾಗೇ ತಿಳಿದು ಹೆಣ್ಣುಮಗಳನ್ನ ತವರಿಗೆ ಕಳಿಸುವ ಮಾತಾಡ್ತಾರೆ.

ವೀರ್ಯ ಪಡೆಯಲು ಮೊದಲ ದಾರಿ ಕಂಪನ ಯಂತ್ರ. ಶಿಶ್ನದ ತುದಿಗೆ ಹಿಡಿದರೆ ಅದರ ಕಂಪನ ಬೆನ್ನುಹುರಿಯ ಕೆಳಭಾಗಕ್ಕೆ ಮುಟ್ಟಿ ಸ್ಖಲನ ಆಗುತ್ತದೆ. ಸೆಕೆಂಡಿಗೆ 100 ಸಲ, ಎರಡೂವರೆ ಮಿಲಿಮೀಟರ್ ಅಲುಗಾಟ ಇರುವ ವೈದ್ಯಕೀಯ ಯಂತ್ರ ಬಳಸಿದರೆ, ಟಿ-10 ಅಥವಾ ಅದಕ್ಕಿಂತ ಮೇಲಿನ ಗಾಯದವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿಗೆ ಫಲ ಸಿಗುತ್ತದೆ. ಗಾಯ ಅದಕ್ಕಿಂತ ಕೆಳಗಿದ್ದರೆ ಯಂತ್ರ ಅಷ್ಟು ಕೆಲಸ ಮಾಡಲ್ಲ, ಯಾಕಂದರೆ ಸ್ಖಲನ ನಡೆಸುವ ನರದ ಜಾಲವೇ ಅಲ್ಲಿ ಪೆಟ್ಟು ತಿಂದಿರುತ್ತದೆ.

ವಿಚಿತ್ರ ನೋಡಿ. ಯಂತ್ರ ಚೆನ್ನಾಗಿ ಕೆಲಸ ಮಾಡೋದು ಮೇಲಿನ ಗಾಯದವರಿಗೆ, ಬಿಪಿ ಹಾರೋದೂ ಅವರಿಗೇ. ಎರಡಕ್ಕೂ ಕಾರಣ ಒಂದೇ, ಗಾಯದ ಕೆಳಗಿನ ಬೆನ್ನುಹುರಿ ಜೀವಂತ ಇದ್ದು ಮಿದುಳಿನ ಹತೋಟಿ ತಪ್ಪಿರುವುದು. ಸ್ಖಲನ ಆಗುವ ಕ್ಷಣದಲ್ಲೇ ಬಿಪಿ ಅತಿ ಎತ್ತರಕ್ಕೆ ಹೋಗೋದು ಹೆಚ್ಚು. ‘ಇನ್ನೇನು ಆಗ್ತದೆ, ಸ್ವಲ್ಪ ತಡಕೊಳ್ಳಿ’ ಅನ್ನೋ ಆ ಹೊತ್ತೇ ಅತಿ ಅಪಾಯದ ಹೊತ್ತು.

ಎರಡನೇ ದಾರಿ ವಿದ್ಯುತ್ ಪ್ರಚೋದನೆ. ಗುದದ್ವಾರದಲ್ಲಿ ಸಲಕರಣೆ ಇಟ್ಟು ಸಣ್ಣ ಪ್ರಮಾಣದ ಕರೆಂಟ್ ಕೊಟ್ಟು ವೀರ್ಯ ತೆಗೀತಾರೆ. ಬೀದರ್ ಜಿಲ್ಲೆಯ ದನ ಸಾಕುವವರಿಗೆ ಈ ಮಾತು ಹೊಸದಲ್ಲ. ದೇವಣಿ ಹೋರಿಯ ನಾಡು ನಮ್ಮದು, ಪಶು ವೈದ್ಯಕೀಯ ವಿಶ್ವವಿದ್ಯಾಲಯ ಇರೋದೇ ಬೀದರ್‌ನ ನಂದಿನಗರದಲ್ಲಿ. ಈ ವಿಧಾನ ಹುಟ್ಟಿದ್ದೂ ಜಾನುವಾರಿನಿಂದಲೇ. ಆಸ್ಟ್ರೇಲಿಯಾದಲ್ಲಿ ಗನ್ ಅನ್ನುವವರು 1936ರಲ್ಲಿ ಟಗರಿನ ಮೇಲೆ ಮಾಡಿದ್ದನ್ನ, 1948ರಲ್ಲಿ ಅಮೆರಿಕದ ವೈದ್ಯರು ಬೆನ್ನುಹುರಿಗೆ ಪೆಟ್ಟಾದ ಗಂಡಸರ ಮೇಲೆ ಪ್ರಯತ್ನಿಸಿದರು. ಕಂಪನಕ್ಕೆ ಬಗ್ಗದವರಲ್ಲೂ ಇದು ಬಹುತೇಕ ಫಲ ಕೊಡುತ್ತದೆ. ಬಿಪಿ ಏರುವ ಅಪಾಯ ಇದರಲ್ಲೂ ಅಷ್ಟೇ ಇದೆ. ಸ್ಪರ್ಶ ಸ್ವಲ್ಪ ಉಳಿದವರಿಗೆ ನೋವಾಗುವ ಕಾರಣ ಅರಿವಳಿಕೆ ಬೇಕಾಗುತ್ತದೆ.

ಮೂರನೇದು ಸೂಜಿ ಹಾಕಿ ವೃಷಣದಿಂದಲೇ ವೀರ್ಯಾಣು ತೆಗೆಯೋದು. ಇದಕ್ಕೆ ಬೇಕಾದ ಸಾಮಾನು ಐವಿಎಫ್ ಸೆಂಟರ್‌ಗಳಲ್ಲಿ ಇರುವುದರಿಂದ ಎಷ್ಟೋ ಕಡೆ ನೇರ ಇದಕ್ಕೇ ಕರೀತಾರೆ. ಸಿಗುವ ವೀರ್ಯಾಣು ಕಡಿಮೆ, ಹಾಗಾಗಿ ಒಂದೊಂದೇ ವೀರ್ಯಾಣುವನ್ನ ಅಂಡಾಣುವಿಗೆ ಚುಚ್ಚುವ ದುಬಾರಿ ಚಿಕಿತ್ಸೆಯೇ ಗತಿ. ಕಂಪನದಿಂದ ಒಳ್ಳೆ ವೀರ್ಯ ಸಿಕ್ಕರೆ ಕೆಲವು ದಂಪತಿಗೆ ಕಡಿಮೆ ಖರ್ಚಿನ ದಾರಿಯೂ ಉಂಟು. ಹಾಗಾಗಿ ‘ಮೊದಲು ಕಂಪನ ಯಾಕೆ ಬೇಡ’ ಅಂತ ಕೇಳೋದು ನಿಮ್ಮ ಹಕ್ಕು. ಸೂಜಿಯಾದರೆ ಬಿಪಿ ಏರಲ್ಲ ಅಂತಲೂ ತಿಳೀಬೇಡಿ, ಗಾಯದ ಕೆಳಗೆ ಚುಚ್ಚಿದ್ದು ನಿಮಗೆ ಗೊತ್ತಾಗದಿದ್ದರೂ ಬೆನ್ನುಹುರಿಗೆ ಗೊತ್ತಾಗುತ್ತದೆ.

ನೋವೇ ಇಲ್ಲದೆ ಬರುವ ಬಿಪಿ

ಅಣ್ಣನಿಗೆ ತಲೆನೋವು ಬಂತು, ವೈನಿ ಕೂಗಿದರು, ಬಚಾವಾದರು. ತಲೆನೋವೇ ಬರದಿದ್ದರೆ? ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ವೀರ್ಯ ತೆಗೆಯುವ ಹೊತ್ತಿನಲ್ಲಿ ಇಂಥ ಗಂಡಸರ ಬಿಪಿ ಅಳೆದು 2008ರಲ್ಲಿ ವರದಿ ಮಾಡಿದರು. ಯಾವ ತ್ರಾಸೂ ಇಲ್ಲ ಅಂತ ಹೇಳುತ್ತಿದ್ದವರಲ್ಲೂ ಬಿಪಿ ಏರಿದ್ದು ಕಂಡುಬಂತು. ಅದಕ್ಕೆ ‘ಮೂಕ’ ಡಿಸ್‌ರಿಫ್ಲೆಕ್ಸಿಯಾ ಅಂತಾರೆ. ಹಾಗಾಗಿ ‘ಏನಾದ್ರೂ ಆದ್ರೆ ಹೇಳಿ’ ಅನ್ನೋದು ಸಾಲದು. ಬಿಪಿ ಪಟ್ಟಿ ಕೈಗೆ ಕಟ್ಟಿರಲೇಬೇಕು, ನಿಮಿಷ ಎರಡು ನಿಮಿಷಕ್ಕೊಮ್ಮೆ ಅಂಕಿ ನೋಡುತ್ತಿರಲೇಬೇಕು.

ಈ ಸ್ಥಿತಿಯಿಂದ ಜೀವಕ್ಕೆ ಕುತ್ತು ಬಂದ ಪ್ರಕರಣಗಳನ್ನ ಜಗತ್ತಿನ ವೈದ್ಯ ಪತ್ರಿಕೆಗಳಿಂದ ಹುಡುಕಿ ತೆಗೆದ ವಿಮರ್ಶೆಯೊಂದು 2014ರಲ್ಲಿ ಪ್ರಕಟವಾಯಿತು. ಸಿಕ್ಕಿದ್ದು 32 ಪ್ರಕರಣ. ಅದರಲ್ಲಿ 23 ಮಿದುಳು ನರಮಂಡಲಕ್ಕೆ ಸಂಬಂಧಪಟ್ಟವು, 7 ಮಂದಿ ಸತ್ತಿದ್ದರು. ಇವೆಲ್ಲ ಸಂತಾನ ಚಿಕಿತ್ಸೆಯಿಂದ ಆದದ್ದಲ್ಲ, ಮೂತ್ರ ಕಟ್ಟಿದ್ದು, ಇತರೆ ಕಾರಣಗಳೂ ಇದರಲ್ಲಿವೆ. ಸಂಖ್ಯೆ ಸಣ್ಣದು ಅಂತ ಅನ್ನಿಸಬಹುದು. ಪತ್ರಿಕೆಯಲ್ಲಿ ಬರೆದು ಹಾಕಿದ್ದು ಮಾತ್ರ ಅಲ್ಲಿ ಲೆಕ್ಕಕ್ಕೆ ಬರೋದು. ಔರಾದ್‌ನ ಅಣ್ಣನ ಫೈಲ್‌ನಲ್ಲೇ ಏನೂ ಬರೆದಿಲ್ಲ ಅಂದಮೇಲೆ ಪತ್ರಿಕೆಗೆ ಯಾರು ಬರೀತಾರೆ?

ಅದಕ್ಕಾಗಿ ಈ ಚಿಕಿತ್ಸೆಯೇ ಬೇಡ ಅಂತ ನಾನು ಹೇಳ್ತಿಲ್ಲ. ತಿಳಿದ ಕಡೆ ಸರಿಯಾಗಿ ಮಾಡಿದರೆ ದೊಡ್ಡ ಅನಾಹುತ ಅಪರೂಪ. ಹೊರದೇಶಗಳಲ್ಲಿ ಸಾವಿರಾರು ಸಲ ಮಾಡಿದ್ದಾರೆ, ಮಕ್ಕಳೂ ಆಗಿದ್ದಾರೆ.

ಸರಿಯಾಗಿ ಮಾಡೋದು ಅಂದರೆ ಏನು

ಮೊದಲು ಗಾಯದ ಮಟ್ಟ ಕೇಳ್ತಾರೆ, ಮಾಮೂಲಿ ಬಿಪಿ ಬರ್ಕೊತಾರೆ, ಹಿಂದೆ ಹೀಗೆ ತಲೆನೋವು ಬಂದಿತ್ತಾ ಅಂತ ವಿಚಾರಿಸ್ತಾರೆ. ಮೂತ್ರಚೀಲ ಖಾಲಿ ಮಾಡಿಸ್ತಾರೆ. ಅಪಾಯ ಇರುವವರಿಗೆ ಕೆಲಸ ಶುರುವಾಗುವ ಸ್ವಲ್ಪ ಮುಂಚೆ ಬಿಪಿ ಇಳಿಸುವ ಔಷಧ ಕೊಡ್ತಾರೆ. ಬಹಳ ಕಡೆ ಬಳಸೋದು ನಿಫೆಡಿಪಿನ್. ಬಿಪಿ ಏರಿದರೆ ಯಂತ್ರ ತೆಗೆದು, ಎಬ್ಬಿಸಿ ಕೂರಿಸಿ, ಇಳಿಯೋವರೆಗೆ ಕಾಯ್ತಾರೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡು ನೋಡ್ತಾರೆ, ಯಾಕಂದರೆ ಕೊಟ್ಟ ಔಷಧದಿಂದ ಬಿಪಿ ಅತಿ ಕೆಳಗೆ ಇಳಿಯಲೂಬಹುದು.

ಮೊದಲ ಪ್ರಶ್ನೆಯನ್ನೇ ಕೇಳದಿದ್ದರೆ, ಅಂದರೆ ಗಾಯ ಯಾವ ಮಟ್ಟದ್ದು ಅಂತ ಯಾರೂ ವಿಚಾರಿಸದಿದ್ದರೆ, ಎದ್ದು ಬನ್ನಿ. ಕಟ್ಟಿದ ದುಡ್ಡು ಹೋದರೂ ಹೋಗಲಿ.

ನಿಫೆಡಿಪಿನ್ ಹೆಸರು ಬರೆದಿದ್ದೇನೆ ಅಂತ ಮೆಡಿಕಲ್‌ನಲ್ಲಿ ತಗೊಂಡು ನುಂಗಬೇಡಿ. ಮೊದಲೇ 90 ಇರುವ ಬಿಪಿ ಇನ್ನೂ ಇಳಿದರೆ ಅದೂ ಅಪಾಯ. ಇನ್ನೊಂದು, ಕೆಲವರು ಉದ್ರೇಕಕ್ಕೆ ಅಂತ ಸಿಲ್ಡೆನಾಫಿಲ್ ಗುಳಿಗೆ ನುಂಗಿರ್ತಾರೆ. ನಾಚಿಕೆಗೆ ಯಾರಿಗೂ ಹೇಳಿರಲ್ಲ. ಬಿಪಿ ಏರಿದಾಗ ವೈದ್ಯರು ನೈಟ್ರೇಟ್ ಗುಂಪಿನ ಔಷಧ ಕೊಟ್ಟರೆ, ಎರಡೂ ಸೇರಿ ಬಿಪಿ ಪಾತಾಳಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು. ಗುಳಿಗೆ ತಗೊಂಡಿದ್ದರೆ ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ಪ್ರಯೋಗ ಮಾಡುವವರಿಗೆ

ಇದನ್ನ ಬರೀಬೇಕೋ ಬೇಡವೋ ಅಂತ ಬಹಳ ಯೋಚನೆ ಮಾಡಿದೆ. ಭಾಲ್ಕಿ ಕಡೆಯ ಒಬ್ಬ ಹುಡುಗ, ಮರದಿಂದ ಬಿದ್ದು ಕುತ್ತಿಗೆ ಪೆಟ್ಟಾದವನು, ವಿಡಿಯೊ ನೋಡಿ ಆನ್‌ಲೈನ್‌ನಲ್ಲಿ ಮಸಾಜರ್ ತರಿಸಿದ್ದಾಗಿ ಹೇಳಿದ. ಹೈದರಾಬಾದ್ ಇಲ್ಲಿಂದ ಸುಮಾರು 140 ಕಿಲೋಮೀಟರ್, ಔರಾದ್‌ನಿಂದ ಹೋಗುವವರಿಗೆ ಇನ್ನೂ ದೂರ, ವೀಲ್‌ಚೇರ್ ಹಾಕಿಕೊಂಡು ಬಾಡಿಗೆ ಗಾಡಿ ಮಾಡಿ ಹೋಗಿ ಬರೋ ಖರ್ಚು ಯಾರಿಗೆ ಕಡಿಮೆ? ಮನೆಯಲ್ಲೇ ಆಗೋದಾದರೆ ಆಗಲಿ ಅನ್ನೋದು ಸಹಜವೇ.

ಮನೆಯಲ್ಲಿ ಮಾಡೋದು ವೈದ್ಯಕೀಯದಲ್ಲೂ ಇದೆ. ಆದರೆ ಅದು ಮೊದಲು ಆಸ್ಪತ್ರೆಯಲ್ಲಿ ಬಿಪಿ ಅಳೆಯುತ್ತಾ ಮಾಡಿ ನೋಡಿ, ಅಪಾಯ ಇಲ್ಲ ಅಂತ ಖಾತ್ರಿ ಆದವರಿಗೆ ಮಾತ್ರ. ಟಿ-6 ಮತ್ತು ಮೇಲಿನ ಗಾಯದವರು ಮೊದಲ ಸಲವೇ ಮನೆಯ ಬಾಗಿಲು ಹಾಕಿಕೊಂಡು ಒಬ್ಬರೇ ಪ್ರಯತ್ನಿಸೋದು ಬೇಡವೇ ಬೇಡ. ಮೂಕ ಬಿಪಿಯ ಮಾತು ಮೇಲೆ ಓದಿದಿರಲ್ಲ. ಮಸಾಜರ್ ಮಾಮೂಲಿ ವಸ್ತು, ಅದರ ಕಂಪನ ಎಷ್ಟು ಅಂತ ಡಬ್ಬಿ ಮೇಲೆ ಬರೆದಿರಲ್ಲ. ಸ್ಪರ್ಶ ಇಲ್ಲದ ಚರ್ಮಕ್ಕೆ ಗಾಯವಾದರೂ ಗೊತ್ತಾಗಲ್ಲ. ಆ ಹುಡುಗನಿಗೆ ಇದನ್ನೇ ಹೇಳಿದೆ. ಡಬ್ಬಿ ಇನ್ನೂ ಒಡೆದಿಲ್ಲ ಅಂದ.

ತಲೆನೋವು ಶುರುವಾದರೆ

ಇದು ಸಂತಾನ ಚಿಕಿತ್ಸೆಗೆ ಹೋಗದವರೂ ಓದಿಕೊಳ್ಳಬೇಕಾದ ಭಾಗ. ಯಾಕಂದರೆ ಡಿಸ್‌ರಿಫ್ಲೆಕ್ಸಿಯಾ ಹೆಚ್ಚು ಸಲ ಬರೋದು ಮೂತ್ರದ ಪೈಪ್ ಮಡಚಿದ್ದಕ್ಕೆ ಅಥವಾ ಕಟ್ಟಿದ್ದಕ್ಕೆ.

ನಮ್ಮವರಿಗೆ ಒಂದು ರೂಢಿ ಇದೆ, ಯಾರಿಗೆ ಏನಾದರೂ ಮೊದಲು ಮಲಗಿಸೋದು. ಇಲ್ಲಿ ಮಲಗಿಸಬಾರದು. ಎಬ್ಬಿಸಿ ನೆಟ್ಟಗೆ ಕೂರಿಸಿ, ಸಾಧ್ಯವಾದರೆ ಕಾಲು ಕೆಳಗೆ ಇಳಿಬಿಡಿ. ರಕ್ತ ಕೆಳಗಿಳಿದು ಬಿಪಿ ಸ್ವಲ್ಪ ತಗ್ಗುತ್ತದೆ. ಬೆಲ್ಟು, ಸಾಕ್ಸು, ಲಾಡಿ, ಮೂತ್ರದ ಚೀಲದ ಪಟ್ಟಿ ಎಲ್ಲ ಸಡಿಲ ಮಾಡಿ. ಮೂತ್ರದ ಪೈಪ್ ಮಡಚಿದೆಯಾ, ಚೀಲ ತುಂಬಿದೆಯಾ ನೋಡಿ. ಪೈಪ್ ಇಲ್ಲದವರಾದರೆ ಮೂತ್ರ ತೆಗೆಸಿ. ಅದಾದ ಮೇಲೂ ಇಳಿಯದಿದ್ದರೆ ಮಲ ಕಟ್ಟಿರಬಹುದು, ಅದನ್ನ ತಿಳಿದವರೇ ಮೆಲ್ಲಗೆ ನೋಡಬೇಕು, ಒರಟಾಗಿ ಮಾಡಿದರೆ ಬಿಪಿ ಇನ್ನೂ ಏರುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ಬಿಪಿ ಅಳೆಯುತ್ತಿರಿ. ಇಳಿಯದಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ, ಗಾಡಿಯಲ್ಲೂ ಕೂರಿಸಿಯೇ ಕರೆದೊಯ್ಯಲು ಹೇಳಿ.

ಮಾತು ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಮೊದಲು ಆಡುತ್ತಿದ್ದ ಕೈ ಈಗ ಆಡದಿದ್ದರೆ ಲಕ್ವಾ ಅಂತಲೇ ತಿಳಿದು ಓಡಿ. ‘ಇವನಿಗೆ ಮೊದಲೇ ಲಕ್ವಾ ಹೊಡದಾದಲ್ಲ’ ಅಂತ ಕೂರುವವರಿದ್ದಾರೆ. ಬೆನ್ನುಹುರಿ ಗಾಯ ಬೇರೆ, ಮಿದುಳಿನ ಲಕ್ವಾ ಬೇರೆ.

ತಾಲ್ಲೂಕು ಆಸ್ಪತ್ರೆಗೆ ಹೋಗಿ, ಬೀದರ್‌ನ ಬ್ರಿಮ್ಸ್‌ಗೆ ಹೋಗಿ, ಡ್ಯೂಟಿಯಲ್ಲಿರುವ ಕಿರಿಯ ವೈದ್ಯರು ಇಂಥ ಪ್ರಕರಣ ಮೊದಲು ನೋಡಿರಲಿಕ್ಕಿಲ್ಲ. ನೀವೇ ಹೇಳಬೇಕು. ಬೆನ್ನುಹುರಿ ಗಾಯದ ಹೆಣ್ಣುಮಕ್ಕಳಿಗೂ ಹೆರಿಗೆ ನೋವಿನ ಹೊತ್ತಿಗೆ ಇದೇ ಬಿಪಿ ಏರಬಹುದು, ಅದನ್ನೂ ಹೆರಿಗೆ ವಾರ್ಡಿನಲ್ಲಿ ಮುಂಚೆಯೇ ತಿಳಿಸಬೇಕು.

ಕೇಳುವ ಹಕ್ಕು

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 10ನೇ ಕಲಂ ಪ್ರಕಾರ ಸಂತಾನ ಮತ್ತು ಕುಟುಂಬ ಯೋಜನೆ ಬಗ್ಗೆ ಸರಿಯಾದ ಮಾಹಿತಿ ಅಂಗವಿಕಲರಿಗೆ ಸಿಗುವ ಹಾಗೆ ಸರ್ಕಾರ ನೋಡಿಕೊಳ್ಳಬೇಕು. ಕಾಯ್ದೆ ಪುಸ್ತಕದಲ್ಲಿದೆ. ಯುಡಿಐಡಿ ಕಾರ್ಡ್ ಮಾಡಿಸಲು ಹೋದಾಗ ಶೇಕಡಾ ಎಷ್ಟು ಅಂತ ಅಳೀತಾರೆ, ಪಿಂಚಣಿ ಮಾತು ಆಗ್ತದೆ, ಗಾಲಿಕುರ್ಚಿ ಮಾತು ಆಗ್ತದೆ. ‘ಮಕ್ಕಳು ಬೇಕಾ’ ಅಂತ ತನ್ನನ್ನ ಆರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ ಅಂತ ಅಣ್ಣ ಹೇಳಿದರು.

ಸಂತಾನ ಚಿಕಿತ್ಸೆಯ ಕೇಂದ್ರಗಳಿಗೆ 2021ರ ಕಾಯ್ದೆ ಬೇರೆ ಇದೆ, 2022ರ ಜನವರಿಯಿಂದ ಜಾರಿ. ನೋಂದಣಿ ಇಲ್ಲದೆ ನಡೆಸುವ ಹಾಗಿಲ್ಲ. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿ. ಬೋರ್ಡು ದೊಡ್ಡದಿದೆ ಅಂತ ಒಳಗೆ ಹೋಗಬೇಡಿ, ನೋಂದಣಿ ಪತ್ರ ತೋರಿಸಿ ಅನ್ನಿ.

ಅಲ್ಲಿಗೆ ಹೋಗುವ ಮುಂಚೆ ಪುನರ್ವಸತಿ ವಿಭಾಗದ ವೈದ್ಯರನ್ನ ಒಮ್ಮೆ ಕಾಣೋದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿ ವಿಭಾಗ ಇದೆ. 1959ರಲ್ಲಿ ಶುರುವಾದ ಎಪಿಡಿ ಸಂಸ್ಥೆ ಬೆನ್ನುಹುರಿ ಗಾಯದವರ ಜೊತೆ ಕೆಲಸ ಮಾಡುತ್ತದೆ. ವೆಲ್ಲೂರಿನ ಸಿಎಂಸಿಯಲ್ಲಿ ಪುನರ್ವಸತಿ ಕೇಂದ್ರ ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ 1954ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿ ಪೆಟ್ಟಾಗಿ, ವೀಲ್‌ಚೇರ್‌ನಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದವರು. ಬೀದರ್‌ನಿಂದ ಇವೆಲ್ಲ ದೂರ, ಒಪ್ಪುತ್ತೇನೆ. ಮೊದಲು ಫೋನಿನಲ್ಲಾದರೂ ವಿಚಾರಿಸಿ.

ಅಣ್ಣನ ಚೀಟಿ

ಮೊನ್ನೆ ಮತ್ತೆ ಅವರ ಅಂಗಡಿಗೆ ಹೋಗಿದ್ದೆ. ಇಬ್ಬರೂ ಕೂತು ಒಂದು ಚೀಟಿ ತಯಾರು ಮಾಡಿದೆವು. ಮೇಲೆ ಕನ್ನಡ, ಹಿಂದೆ ಇಂಗ್ಲಿಷು. “ನನಗೆ ಬೆನ್ನುಹುರಿ ಗಾಯ ಆಗಿದೆ, ಮಟ್ಟ ಟಿ-4. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಬರುತ್ತದೆ. ನನ್ನ ಮಾಮೂಲಿ ಬಿಪಿ ಇಷ್ಟು, ಅದಕ್ಕಿಂತ 20 ಏರಿದರೆ ತುರ್ತು. ಕೂರಿಸಿ, ಮಲಗಿಸಬೇಡಿ. ಮೂತ್ರದ ಪೈಪ್ ನೋಡಿ. ಮಾಡುತ್ತಿರುವ ಕೆಲಸ ನಿಲ್ಲಿಸಿ.” ಮಟ್ಟ ಮತ್ತು ಅಂಕಿ ನಿಮ್ಮದು ಹಾಕಿಕೊಂಡು ನೀವೂ ಬರೆದಿಟ್ಟುಕೊಳ್ಳಬಹುದು. ಅವರೇ ಪ್ರಿಂಟ್ ತೆಗೆದು ಲ್ಯಾಮಿನೇಶನ್ ಮಾಡಿ ಒಂದು ಜೇಬಿನಲ್ಲಿ, ಒಂದು ವೀಲ್‌ಚೇರ್ ಹಿಂದಿನ ಚೀಲದಲ್ಲಿ ಇಟ್ಟರು. ಇನ್ನೊಂದು ಭಾಲ್ಕಿ ಹುಡುಗನಿಗೆ ಅಂತ ನನ್ನ ಕೈಗೆ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಬಿಪಿ ಯಂತ್ರ ಒಂದು ತಂದಿಟ್ಟಿದ್ದಾರೆ. ರಾಶಿ ಮುಗಿದ ಮೇಲೆ ಮತ್ತೆ ಹೋಗೋ ವಿಚಾರ ಇದೆಯಂತೆ, ಈ ಸಲ ಬೇರೆ ಕಡೆ. “ಮೊದಲ ಫೋನಿನ್ಯಾಗೇ ಬಿಪಿ ಕೇಳ್ತೀನಿ. ಅವರಿಗೆ ಗೊತ್ತಿದ್ರ ಹೋಗೋದು, ಇಲ್ಲಾಂದ್ರ ಇಲ್ಲ” ಅಂದರು. ರಿಚಾರ್ಜ್ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ವೈನಿ ದಿನಾ ಬೆಳಿಗ್ಗೆ ಅಂಕಿ ಬರೀತಾರೆ. ನಾನು ನೋಡಿದ ದಿನ 94 ಇತ್ತು, ಅದರ ಹಿಂದಿನ ದಿನ 98, ಅದಕ್ಕೂ ಹಿಂದೆ 92.